ಸಾವಿನ ಮನೆಗೆ ಬಂದವಳು

ಲೋಗನ್, ಕ್ವೀನ್ಸ್‌ಲ್ಯಾಂಡ್
ಆಗಸ್ಟ್ 18, ಭಾನುವಾರ

ಪ್ರೀತಿಯ ಕೆಲೆಪಿ,

ಹೇಗಿದ್ದೀಯ ಮಗನೇ? ಗ್ರಿಫಿತ್ ಕಡೆ ಬೆಳಗಿನ ಹೊತ್ತು ಹುಲ್ಲಿನ ಮೇಲಿನ ಇಬ್ಬನಿಯೇ ಗಟ್ಟಿಯಾಗುವಷ್ಟು ಚಳಿ ಎಂದು ಕೇಳಿದೆ. ಅಂಥ ಚಳಿಯಲ್ಲಿ ಕಿತ್ತಳೆ ಕೀಳುವಾಗ ನಿನ್ನ ಮುರಿದು ಕೂಡಿದ ಕೈ ನೋಯುವುದಿಲ್ಲವೇ? ನಮ್ಮ ಚರ್ಚಿನ ಹುಡುಗರು ಅಲ್ಲಿಗೆ ಕೆಲಸಕ್ಕೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದವನ್ನೂ ಒಂದು ಉಣ್ಣೆಯ ಅಂಗಿಯನ್ನೂ ಕಳಿಸುತ್ತಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿದ್ದರೂ ಸರಿ, ಇದನ್ನು ಕೊನೆಯವರೆಗೆ ಓದು.

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಮನ್ನಿಸು. ಕೇಸು ಮುಗಿಯುವವರೆಗೆ ನಿನ್ನ ಜೊತೆ ಅಪಘಾತದ ವಿಷಯ ಒಂದು ಮಾತೂ ಆಡಕೂಡದು, ಬರೆಯಲೂ ಕೂಡದು ಎಂದು ವಕೀಲರು ಹೇಳಿದ್ದರು. ತಾಯಿ ಮಗನಿಗೆ ಬರೆಯಲು ಯಾರ ಅಪ್ಪಣೆ ಬೇಕು ಎಂದು ನೀನು ಕೇಳಬಹುದು. ನಾನೂ ಈಗ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಹೋದ ವಾರ ಕೇಸು ಮುಗಿಯಿತು.

ಮನೆಯಲ್ಲಿ ಎಲ್ಲರೂ ಕ್ಷೇಮ. ಪಿಸಿಲಾ ನಿನಗಿಂತ ಎತ್ತರ ಬೆಳೆಯುತ್ತೇನೆ ಎಂದು ಹಟ ಹಿಡಿದವಳ ಹಾಗೆ ಬೆಳೆಯುತ್ತಿದ್ದಾಳೆ. ಶಾಲೆಯಲ್ಲಿ ಅಂಕ ಪರವಾಗಿಲ್ಲ, ಚರ್ಚಿನಲ್ಲಿ ಹಾಡಲು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಅಪ್ಪ ಹೋಗಿ ವರ್ಷ ತುಂಬಿತಲ್ಲ, ನಿನ್ನ ವೀಕಾ ಅತ್ತೆ ತಾನೇ ಬಂದು ನಮ್ಮ ಟಾಂಗಾ ರೂಢಿಯಂತೆ ಶೋಕಕ್ಕೆಂದು ನಡುವಿಗೆ ಕಟ್ಟಿದ್ದ ಆ ಹರಕು ಚಾಪೆ ಬಿಚ್ಚಿ ಕಪ್ಪು ಬಟ್ಟೆ ತೆಗೆಸಿದಳು. ನೀನಿರಬೇಕಾಗಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಊಟದ ಹೊತ್ತಿಗೆ ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು.

ನೀನು ಮನೆ ಬಿಡುವಾಗ ನನ್ನನ್ನು ಒಂದು ಮಾತು ಕೇಳಿದೆ. ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಆದರೆ ಮೊದಲಿನಿಂದ ಹೇಳಬೇಕು, ನಿನಗೆ ಗೊತ್ತಿರುವುದು ಅದರ ಬಾಲ ಮಾತ್ರ.

ಅಪ್ಪನನ್ನು ಮಣ್ಣು ಮಾಡಿದ ಮೇಲಿನ ದಿನಗಳು ನಿನಗೆ ನೆನಪಿರಬೇಕು. ನೆಂಟರೆಲ್ಲ ಚಾಪೆ ಸುತ್ತಿಕೊಂಡು ಅವರವರ ಊರಿಗೆ ಹೋದರು. ನಾನು ಮುರಿದ ಸೊಂಟ ಇಟ್ಟುಕೊಂಡು ಮುಂದಿನ ಕೋಣೆಯಲ್ಲಿ ಮಲಗಿರುತ್ತಿದ್ದೆ. ನೀನು ಕೈಗೆ ಪಟ್ಟಿ ಕಟ್ಟಿಕೊಂಡು ಕಾರಿಲ್ಲದ ಕಾರ್‌ಶೆಡ್ಡಿನಲ್ಲಿ ಕೂತಿರುತ್ತಿದ್ದೆ. ಒಳಗೆ ಬಾ ಎಂದರೆ ಬರುತ್ತಿದ್ದೆ, ತಿನ್ನು ಎಂದರೆ ತಿನ್ನುತ್ತಿದ್ದೆ, ಮತ್ತೆ ಎದ್ದು ಅಲ್ಲಿಗೇ ಹೋಗುತ್ತಿದ್ದೆ. ಕೋರ್ಟಿನವರು ನಿನ್ನ ಲೈಸೆನ್ಸು ಕೆಲವು ತಿಂಗಳು ಕಿತ್ತುಕೊಂಡು, ದಂಡ ಹಾಕಿ ಬಿಟ್ಟಿದ್ದರು. ಅಷ್ಟಕ್ಕೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ.

ಆಗ ಒಂದು ಫೋನು ಬಂತು. ಯಾರೋ ಗಂಡಸು, ಬಹಳ ಪರಿಚಯದವನ ಹಾಗೆ, "ಅಪಘಾತ ಆಯ್ತಂತಲ್ಲ, ನಿಮಗೆ ಪರಿಹಾರ ಬರಬೇಕು, ಯಾರೂ ಹೇಳಲಿಲ್ವಾ?" ಎಂದ. ನನ್ನ ಹೆಸರು, ನಾನಿದ್ದ ಆಸ್ಪತ್ರೆ, ಎಲ್ಲ ಅವನಿಗೆ ಗೊತ್ತಿತ್ತು. ಹೆದರಿ ಫೋನು ಇಟ್ಟುಬಿಟ್ಟೆ. ಆ ವಾರವೇ ಲವೀನಿಯಾ ಬಂದಳು. ಎರಡಕ್ಕೂ ನಂಟಿದೆ ಎಂದು ನನಗೆ ಹೊಳೆಯಲೇ ಇಲ್ಲ. ಫೋನಿನಲ್ಲಿ ಬಂದವನು ಪರಕೀಯ. ಇವಳು ನಮ್ಮ ಭಾಷೆಯಲ್ಲಿ ಬಾಗಿಲ ಹೊರಗಿನಿಂದಲೇ ಪ್ರಾರ್ಥನೆ ಹೇಳಿಕೊಂಡು, ಕೆಸುವಿನೆಲೆಯಲ್ಲಿ ಮಾಂಸ ಕಟ್ಟಿ ಬೇಯಿಸಿದ್ದನ್ನು ಬಿಸಿಬಿಸಿ ಪಾತ್ರೆಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಒಳಗೆ ಬಂದಳು.

"ಅಕ್ಕ, ನೀವು ನನ್ನ ಗುರುತು ಹಿಡಿಯಲ್ಲ. ನಾನು ಆಚೆ ಬೀದಿ ಚರ್ಚಿನೋಳು. ಅಣ್ಣ ಹೋದ ಸುದ್ದಿ ಕೇಳಿ ಸುಮ್ನಿರಕ್ಕಾಗಲಿಲ್ಲ," ಎಂದಳು.

ಅವಳು ಪಾತ್ರೆ ಇಟ್ಟು ಹೋಗಲಿಲ್ಲ ಕೆಲೆಪಿ. ಕೂತಳು. ಎಣ್ಣೆ ಬೆಚ್ಚಗೆ ಮಾಡಿ ನನ್ನ ಕಾಲು ತಿಕ್ಕಿದಳು. ಆಮೇಲೆ ಪ್ರತಿ ಬುಧವಾರ ಬರತೊಡಗಿದಳು. ಬಟ್ಟೆ ಒಗೆದು ಹಾಕುತ್ತಿದ್ದಳು, ಪಿಸಿಲಾಳ ಜಡೆ ಹೆಣೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಕೇಳುತ್ತಿದ್ದಳು. "ಅಣ್ಣ ಹೇಗಿದ್ರು ಅಕ್ಕ? ಮೊದಲ ಸಲ ಎಲ್ಲಿ ನೋಡಿದ್ರಿ? ನಗ್ತಿದ್ರಾ, ಸಿಡುಕ್ತಿದ್ರಾ?" ನಾನು ಹೇಳುತ್ತಾ ಹೋಗುತ್ತಿದ್ದೆ. ವವಾಊ ದ್ವೀಪದಲ್ಲಿ ನಿನ್ನ ಅಪ್ಪ ದೋಣಿಯಿಂದ ಬಿದ್ದು, ಯಾರೂ ನೋಡಲಿಲ್ಲ ಎಂದು ಒದ್ದೆ ಬಟ್ಟೆಯಲ್ಲೇ ಗತ್ತಿನಿಂದ ನಡೆದು ಹೋದದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು. ನಾನೂ ನಕ್ಕೆ. ಅಪ್ಪ ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ವೀಕಾ ಅತ್ತೆಗೆ ಮಾತ್ರ ಅವಳು ಮೊದಲ ದಿನದಿಂದಲೂ ಹಿಡಿಸಲಿಲ್ಲ. ಅವಳೆದುರಿಗೇ ಕೇಳಿದಳು: "ಯಾರ ಮಗಳು ನೀನು? ಯಾವ ದ್ವೀಪ?"

"ಹಾಪಾಯಿ, ದೊಡ್ಡಮ್ಮ."

"ಹಾಪಾಯಿಯಲ್ಲಿ ಯಾರ ಮನೆ?"

ಲವೀನಿಯಾ ಏನೋ ಹೇಳಿದಳು. ಅವಳು ಹೋದ ಮೇಲೆ ಅತ್ತೆ ಬೀಸಣಿಗೆ ಆಡಿಸುತ್ತಾ, "ಬುಧವಾರ ಬುಧವಾರ ಬಂದು ಕಾಲೊತ್ತುವಷ್ಟು ಪುರುಸೊತ್ತು ನಮ್ಮ ಜನಕ್ಕೆ ಯಾವಾಗ ಬಂತು? ನನ್ನ ಮೂವರು ಸೊಸೇರಲ್ಲಿ ಒಬ್ಬಳಾದ್ರೂ ನನ್ನ ಕಾಲು ಮುಟ್ಟಿದಾಳಾ?" ಎಂದಳು. ಅತ್ತೆಗೆ ಹೊಟ್ಟೆಕಿಚ್ಚು ಎಂದುಕೊಂಡೆ ನಾನು.

ಒಂದು ಬುಧವಾರ ಅವಳು ಆ ಬೆಳಗಿನ ವಿಷಯ ಕೇಳಿದಳು. ನಾನು ಹೇಳಿದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅದನ್ನು ನಿನಗೂ ಈಗ ಬರೆದುಬಿಡುತ್ತೇನೆ, ಏಕೆಂದರೆ ನಾವಿಬ್ಬರೂ ಅಲ್ಲಿದ್ದೆವು. ನೀನು ಉಗ್ರಾಣದ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದೆ. "ಅಪ್ಪ, ಒಂದೆರಡು ಗಂಟೆ ಮಲಗ್ತೀನಿ, ಆಮೇಲೆ ಹೊರಡೋಣ," ಎಂದೆ. ಬಂಡಬರ್ಗ್‌ನಲ್ಲಿ ದೊಡ್ಡಪ್ಪನ ಮಗ ತೀರಿಕೊಂಡಿದ್ದ. ಅಪ್ಪ ಆಗಲೇ ಚಾಪೆ ಕಟ್ಟಿಕೊಂಡು ಸಿದ್ಧರಾಗಿದ್ದರು. "ಶವ ಎತ್ತಿದ ಮೇಲೆ ಹೋಗಿ ನಿಂತ್ರೆ ಯಾರಿಗೆ ಮುಖ ತೋರಿಸಲಿ? ನನ್ನ ಕಣ್ಣು ಸರಿಯಿದ್ದಿದ್ರೆ ನಿನ್ನನ್ನ ಕೇಳ್ತಾನೇ ಇರಲಿಲ್ಲ," ಎಂದರು. ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತ್ತು, ನನಗೆ ಕಾರು ಬಿಡಲು ಬಾರದು. ನೀನು ಕೀಲಿಕೈ ತೆಗೆದುಕೊಂಡೆ. ಬಂಡಬರ್ಗ್ ಮುಟ್ಟುವ ಮೊದಲೇ ದಾರಿಯಲ್ಲಿ ನಿನ್ನ ಕಣ್ಣು ಮುಚ್ಚಿಹೋಯಿತು.

ಇಷ್ಟನ್ನೂ ಕೇಳಿ ಲವೀನಿಯಾ ಕಾಲು ತಿಕ್ಕುವುದನ್ನು ನಿಲ್ಲಿಸಿದಳು. ಆಮೇಲೆ, "ಇದನ್ನ ಇನ್ಯಾರಿಗಾದ್ರೂ ಹೇಳಿದೀರಾ ಅಕ್ಕ?" ಎಂದಳು.

"ಇಲ್ಲ."

"ಹೇಳಬೇಡಿ. ಹೋದೋರ ಮೇಲೆ ಯಾಕೆ ಮಾತು ತರೋದು."

ಎಷ್ಟು ಒಳ್ಳೆಯ ಹೆಣ್ಣು, ಸತ್ತವರ ಮರ್ಯಾದೆ ಕಾಯುತ್ತಿದ್ದಾಳೆ ಎಂದು ನಾನು ಅವಳ ಕೈ ಹಿಡಿದುಕೊಂಡೆ.

ಅದಾದ ಮೇಲಿನ ಸಲ ಬಂದಾಗ ಪರಿಹಾರದ ಮಾತು ತೆಗೆದಳು. ನನಗೆ ಇಷ್ಟವಿರಲಿಲ್ಲ. ನನ್ನ ಮಗನ ಮೇಲೆ ನಾನು ದೂರು ಕೊಡುವುದೇ ಎಂದು ಕೇಳಿದೆ.

"ಅಯ್ಯೋ ಅಕ್ಕ, ಮಗನ ಮೇಲೆ ಯಾರು ದೂರು ಕೊಡ್ತಾರೆ? ಕಾರಿಗೆ ವಿಮೆ ಇದೆ, ದುಡ್ಡು ಕೊಡೋದು ಆ ಕಂಪನಿ. ಕೆಲೆಪಿ ಜೇಬಿಂದ ಒಂದು ಸೆಂಟೂ ಹೋಗಲ್ಲ. ಅವನ ಹೆಸರು ಬರೀ ಲೆಕ್ಕಕ್ಕೆ ಬರುತ್ತೆ ಅಷ್ಟೆ. ನಿಮ್ಮ ಸೊಂಟ ಹೀಗೇ ಉಳಿದ್ರೆ ಪಿಸಿಲಾನ ಯಾರು ಓದಿಸ್ತಾರೆ? ನಂಗೆ ಗೊತ್ತಿರೋ ವಕೀಲರಿದಾರೆ. ಗೆದ್ರೆ ಮಾತ್ರ ಫೀಸು."

ನಾನು ಯೋಚಿಸಬೇಕು ಎಂದೆ. "ಯೋಚಿಸಿ ಅಕ್ಕ, ಆದ್ರೆ ಕಾಲ ಮೀರಿದ್ರೆ ಹಕ್ಕು ಹೋಗುತ್ತೆ," ಎಂದು ಚೀಲದಿಂದ ಆ ಗಾಜಿನ ಹಲಗೆಯಂಥದ್ದನ್ನು ತೆಗೆದು ನನ್ನ ಎದೆಯ ಮೇಲಿಟ್ಟಳು. ಪುಟದ ಮೇಲೆ ಪುಟ ಸರಿಯುತ್ತಿತ್ತು. ಮಲಗಿಕೊಂಡೇ ಬೆರಳಲ್ಲಿ ಗೀಚಿದೆ. ಏಳುವ ಮುಂಚೆ ಒಂದು ಮಾತು ಹೇಳಿದಳು: "ಯಾರಾದ್ರೂ ಕೇಳಿದ್ರೆ, ನೀವೇ ವಕೀಲರನ್ನ ಹುಡುಕ್ಕೊಂಡು ಹೋದ್ರಿ ಅನ್ನಿ. ನನ್ನ ಹೆಸರು ಬೇಡ. ನಾನು ಬರೋದು ತಂಗಿ ಥರ ತಾನೇ?" ಅದು ನನಗೆ ವಿಚಿತ್ರ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ.

ಆಮೇಲೆ ಜಾರ್ಜೀನಾ ಎಂಬ ಕಿರಿಯ ವಕೀಲೆ ಫೋನು ಮಾಡಿದಳು. ನಾನು ಅವಳ ಮುಖ ನೋಡಿರಲಿಲ್ಲ. ಲವೀನಿಯಾ ನನ್ನ ಪಕ್ಕ ಕೂತು ಅವಳ ಇಂಗ್ಲಿಷನ್ನು ನನಗೂ ನನ್ನ ಮಾತನ್ನು ಅವಳಿಗೂ ದಾಟಿಸುತ್ತಿದ್ದಳು. ನನ್ನ ಉದ್ದ ಉದ್ದ ಮಾತು ಅಲ್ಲಿ ಗಿಡ್ಡವಾಗುತ್ತಿತ್ತು. ಆ ವಕೀಲೆ ಬರೆದುಕೊಂಡಿದ್ದು ಏನೆಂದು ನಿನಗೆ ಚೆನ್ನಾಗಿ ಗೊತ್ತು. ರಾತ್ರಿಯಿಡೀ ಕೆಲಸ ಮಾಡಿ ಬಂದದ್ದನ್ನು ಮಗ ನಮಗೆ ತಿಳಿಸಲಿಲ್ಲ, ನಿದ್ದೆ ಮಾಡಿದ್ದೇನೆ ಎಂದು ಹೇಳಿ ಕಾರು ಹೊರಡಿಸಿದ ಎಂದು. ಅದರ ಕೆಳಗೂ ಬೆರಳಲ್ಲಿ ಗೀಚಿದೆ. "ನಾವು ಮಾತಾಡಿದ್ದೇ ಅಕ್ಕ," ಎಂದಿದ್ದಳು ಲವೀನಿಯಾ.

ವಿಮೆ ಕಂಪನಿಯವನು ಅದನ್ನು ನಿನ್ನ ಕೆಲಸದ ಜಾಗಕ್ಕೆ ಬಂದು, ಊಟದ ಬಿಡುವಿನಲ್ಲಿ, ಸಂಗಾತಿಗಳ ಮುಂದೆ ಓದಿ ಹೇಳಿದ ಎಂದು ಆಮೇಲೆ ಕೇಳಿದೆ. ನೀನು ಮನೆಗೆ ಬಂದೆ. ನಾನು ಅಡುಗೆಮನೆಯಲ್ಲಿ ಕೋಲೂರಿಕೊಂಡು ನಿಂತು ಮರಗೆಣಸು ಸುಲಿಯುತ್ತಿದ್ದೆ. ನೀನು ಕೂಗಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಅಮ್ಮ, ಮಲಗಿ ಎದ್ದು ಬಂದಿದೀನಿ ಅಂತ ನಾನು ನಿಮಗೆ ಸುಳ್ಳು ಹೇಳಿದ್ನಾ?" ಎಂದೆ.

ಅದರ ಹಿಂದಿನ ದಿನವಷ್ಟೇ ಆ ವಕೀಲೆ ಹೇಳಿದ್ದಳು: ಈಗ ನಿಮ್ಮ ಮಗ ಎದುರು ಪಕ್ಷ, ಈ ವಿಷಯ ಅವನ ಜೊತೆ ಆಡಿದರೆ ಕೇಸು ಹಾಳು. ನನ್ನ ಬಾಯಿಂದ ಬಂದದ್ದು ಅದೊಂದೇ. "ವಕೀಲರು ನಿನ್ನ ಜೊತೆ ಮಾತಾಡಬೇಡ ಅಂದಿದಾರೆ."

ನೀನು ನನ್ನನ್ನು ನೋಡಿದ ನೋಟ ಬರೆಯಲು ನನಗೆ ಬರುವುದಿಲ್ಲ. ಕೋಣೆಗೆ ಹೋಗಿ ಬಟ್ಟೆ ತುಂಬಿಕೊಂಡು, ಪಿಸಿಲಾಳ ತಲೆ ಮುಟ್ಟಿ, ಹೊರಟೇಬಿಟ್ಟೆ. ಕೋಲು ಹಿಡಿದು ನಾನು ಗೇಟಿನವರೆಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು.

ಈಗ ಉತ್ತರ ಕೊಡುತ್ತಿದ್ದೇನೆ. ಇಲ್ಲ ಮಗನೇ. ನೀನು ಸುಳ್ಳು ಹೇಳಲಿಲ್ಲ. ನಾನೂ ಹಾಗೆ ಹೇಳಲಿಲ್ಲ.

ನೀನು ಮನೆ ಬಿಟ್ಟ ವಾರವೇ ಲವೀನಿಯಾ ಬಂದಾಗ ಕಾಗದದಲ್ಲಿ ಹಾಗೆ ಯಾಕೆ ಬಂತು ಎಂದು ಕೇಳಿದೆ. "ಅವರು ಬರೆಯೋ ರೀತಿ ಹಾಗೆ ಅಕ್ಕ. ದಣಿದಿದಾನೆ ಅಂತ ಗೊತ್ತಿದ್ದೂ ನೀವು ಹತ್ತಿದ್ರಿ ಅಂದ್ರೆ ನಿಮ್ಮದೂ ತಪ್ಪು ಅಂತಾರೆ, ಪರಿಹಾರ ಕಡಿತ ಮಾಡ್ತಾರೆ. ಅದಕ್ಕೇ ಅವತ್ತು ಹೇಳಬೇಡಿ ಅಂದಿದ್ದು," ಎಂದಳು. ಆಗ ನನಗೆ ಗೊತ್ತಾಯಿತು, ಅಂದು ಅವಳು ಕಾದದ್ದು ನಿನ್ನ ಅಪ್ಪನ ಮರ್ಯಾದೆಯನ್ನಲ್ಲ. "ನನ್ನ ಮಗ ಮನೆ ಬಿಟ್ಟು ಹೋದ," ಎಂದೆ. ಅವಳು ಕಣ್ಣೊರೆಸಿಕೊಂಡಳು. ಪಾತ್ರೆ ತೊಳೆದಿಟ್ಟು ಹೋದಳು. ಮತ್ತೆ ಬರಲಿಲ್ಲ.

ಬಯಲು ಮಾಡಿದ್ದು ವೀಕಾ ಅತ್ತೆ. ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರು ಸೇರಿದ್ದಾಗ, ಗಂಡನ ಕಾಲು ಯಂತ್ರಕ್ಕೆ ಸಿಕ್ಕಿದವಳೊಬ್ಬಳು ತನ್ನ ಮನೆಗೆ ಬಂದು ಹೋಗುತ್ತಿದ್ದ ಪುಣ್ಯಾತ್ಗಿತ್ತಿಯ ವಿಷಯ ಹೇಳಿದಳಂತೆ. ಅದೇ ಕೆಸುವಿನೆಲೆ ಅಡುಗೆ, ಅದೇ ಎಣ್ಣೆ, ಅದೇ "ಸುಮ್ನಿರಕ್ಕಾಗಲಿಲ್ಲ ಅಕ್ಕ". ಅಲ್ಲಿಂದ ಅತ್ತೆ ನೇರ ನಮ್ಮ ಮನೆಗೆ ಬಂದಳು, ಚಪ್ಪಲಿ ಕೂಡ ಕಳಚಲಿಲ್ಲ. "ಎದ್ದೇಳು. ಪುಕ್ಕಟೆ ಸಲಹೆ ಕೊಡೋ ಕಾನೂನು ಕೇಂದ್ರ ಇದೆಯಂತೆ. ಬಟ್ಟೆ ಬದಲಾಯಿಸು. ಆ ಹಾಪಾಯಿಯವಳಿಗೆ ಮನೆಗಿಷ್ಟು ಅಂತ ವಕೀಲರು ಕೂಲಿ ಕೊಡ್ತಾರಂತೆ."

ಕೇಂದ್ರದಲ್ಲಿದ್ದವರು ತಲೆ ನರೆತ ಮನುಷ್ಯ, ತಾಳ್ಮೆಯವರು. ಮೊದಲು ಒಂದೇ ಪ್ರಶ್ನೆ ಕೇಳಿದರು: "ವಕೀಲರನ್ನ ನೀವು ಹುಡುಕ್ಕೊಂಡು ಹೋದ್ರಾ, ಅವರು ನಿಮ್ಮನ್ನ ಹುಡುಕ್ಕೊಂಡು ಬಂದ್ರಾ?"

ಹೇಳಿಕೊಟ್ಟ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ನನ್ನ ತೊಡೆ ಚಿವುಟಿದಳು. "ಮನೆಗೇ ಬಂದಳು," ಎಂದೆ.

ಹಾಗೆ ಆಳು ಕಳಿಸಿ ಗಿರಾಕಿ ಹಿಡಿಯುವುದು, ಹೆಸರಿಗೆ ಇಷ್ಟು ಎಂದು ದುಡ್ಡು ಕೊಡುವುದು ಈ ರಾಜ್ಯದಲ್ಲಿ ಅಪರಾಧ ಎಂದರು. ನಾನು, ಹಾಗಾದರೆ ಪರಿಹಾರ ಕೇಳಿದ್ದೇ ತಪ್ಪಾ ಎಂದೆ. "ಇಲ್ಲ ತಾಯಿ, ಅದು ನಿಮ್ಮ ಹಕ್ಕು. ಅವರು ಹೇಳಿದ್ರಲ್ಲಿ ಅದೊಂದು ನಿಜ. ಆದ್ರೆ ಯಾರ ಹತ್ರ ಹೋಗಬೇಕು, ಯಾವಾಗ ಹೋಗಬೇಕು, ಹೋಗಲೇಬೇಕಾ ಅಂತ ನಾಲ್ಕು ಜನರನ್ನ ಕೇಳಿ ಯೋಚನೆ ಮಾಡೋ ಹೊತ್ತು ನಿಮ್ಮದಾಗಿರಬೇಕಿತ್ತು. ನೋವಲ್ಲಿ ಮಲಗಿರೋರಿಗೆ ಆ ಹೊತ್ತೇ ಸಿಗದ ಹಾಗೆ ಮಾಡ್ತಾರೆ," ಎಂದರು. ಈಗ ಬಿಟ್ಟುಬಿಡಬಹುದೇ ಎಂದು ಕೇಳಿದೆ. ಬಿಡಬಹುದಂತೆ, ಆದರೆ ಇಲ್ಲಿಯವರೆಗಿನ ಖರ್ಚಿಗೆ ಅವರು ನನ್ನ ಬೆನ್ನು ಹತ್ತಬಹುದಂತೆ. ವಿಮೆ ಕಂಪನಿಯವರ ಜೊತೆ ಸಂಧಾನದ ಸಭೆ ಹತ್ತಿರವಿತ್ತು. "ಒಂದು ನೆನಪಿಡಿ. ಅಲ್ಲಿ ನಿಜ ಹೇಳೋದನ್ನ ತಡೆಯೋ ಅಧಿಕಾರ ಯಾರಿಗೂ ಇಲ್ಲ, ನಿಮ್ಮ ವಕೀಲರಿಗೂ ಇಲ್ಲ," ಎಂದರು.

ಸಭೆ ಬ್ರಿಸ್ಬೇನ್‌ನಲ್ಲಿ. ಅತ್ತೆ ಜೊತೆಗೆ ಬಂದಳು. ರೈಲಿನಲ್ಲಿ ನಾನು ಅವಳಿಗೆ ಆ ಬೆಳಗಿನ ವಿಷಯ ಹೇಳಲೇಬೇಕಾಯಿತು. ಸತ್ತವರು ಅವಳ ತಮ್ಮ. ಈ ಮನೆಯಲ್ಲಿ ಅವಳ ಮಾತಿಗೆ ಎದುರು ಮಾತಿಲ್ಲ. ಅವಳು ಬೇಡ ಎಂದರೆ ನಾನು ಬಾಯಿ ಬಿಡುವ ಹಾಗಿರಲಿಲ್ಲ. ನಿಮ್ಮ ತಮ್ಮನೇ ಹೊರಡಿಸಿದ್ದು, ಕೆಲೆಪಿ ಮಲಗುತ್ತೇನೆ ಎಂದಿದ್ದ ಎಂದು ಹೇಳಿ ತಲೆ ತಗ್ಗಿಸಿದೆ. ಅತ್ತೆ ಕಿಟಕಿಯ ಕಡೆ ತಿರುಗಿದಳು. ಆಮೇಲೆ, "ಲಿಸಿಯಾಟೆ ತೊಟ್ಟಿಲಲ್ಲಿದ್ದಾಗಿಂದ ಹಟಮಾರಿ. ನನಗಿಂತ ಯಾರಿಗೆ ಗೊತ್ತು," ಎಂದಳು. ರೈಲು ಬ್ರಿಸ್ಬೇನ್ ಮುಟ್ಟುವ ಮುಂಚೆ: "ಹೇಳು. ಅವನು ಬದುಕಿದ್ದಿದ್ರೆ ಅವನೇ ಹೇಳ್ತಿದ್ದ. ಹುಡುಗನ ತಲೆ ಮೇಲೆ ಹೊರಿಸೋನಲ್ಲ ನನ್ನ ತಮ್ಮ."

ಜಾರ್ಜೀನಾಳನ್ನು ಅಂದು ಮೊದಲ ಸಲ ನೋಡಿದೆ. ನಿನ್ನ ವಯಸ್ಸಿನವಳೇ, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಹೊರಲಾರದಷ್ಟು ಫೈಲು. ನನ್ನನ್ನು ಬೇರೆ ಹೆಸರಿನಿಂದ ಕರೆದು, ಫೈಲು ನೋಡಿ ತಿದ್ದಿಕೊಂಡಳು. ಒಳಗೆ ಹೋಗುವ ಮುಂಚೆ ಪಡಸಾಲೆಯಲ್ಲಿ ನಿಲ್ಲಿಸಿ, "ಕೇಳಿದಷ್ಟಕ್ಕೆ ಉತ್ತರ ಕೊಡಿ. ಮಗನಿಗೆ ನಿದ್ದೆ ಇರಲಿಲ್ಲ ಅಂತ ನಿಮ್ಮ ಯಜಮಾನರಿಗೆ ಗೊತ್ತಿತ್ತು ಅನ್ನೋ ಮಾತು ಮಾತ್ರ ಬರಬಾರದು. ನಿಮ್ಮ ಹಿತಕ್ಕೇ ಹೇಳ್ತಿದೀನಿ," ಎಂದಳು.

ನನಗಿಂತ ಮುಂಚೆ ಅತ್ತೆ ಬಾಯಿ ಹಾಕಿದಳು. "ಇವಳ ಹಿತ ಇವಳ ಮಗ ಕಣಮ್ಮ. ಅವನ ವಿಷಯ ನಿನ್ನ ಫೈಲಲ್ಲಿ ಎಲ್ಲಿ ಬರ್ಕೊಂಡಿದೀಯ, ತೋರಿಸು ನೋಡೋಣ." ಅತ್ತೆಯ ಇಂಗ್ಲಿಷು ನಿನಗೆ ಗೊತ್ತಲ್ಲ. ಆದರೂ ಆ ಹುಡುಗಿಗೆ ಅರ್ಥವಾಯಿತು, ಮುಖ ಕೆಂಪಾಯಿತು.

ಮೇಜಿನಾಚೆ ವಿಮೆ ಕಂಪನಿಯ ವಕೀಲ ಕೂತಿದ್ದ. ನೀನು ಪೊಲೀಸರಿಗೆ ಕೊಟ್ಟ ಹೇಳಿಕೆ ಓದಿದ. ಹೊರಡುವ ತೀರ್ಮಾನ ನನ್ನದೇ, ಯಾರೂ ಒತ್ತಾಯ ಮಾಡಲಿಲ್ಲ ಎಂದಿದ್ದೆಯಂತೆ. ಆಸ್ಪತ್ರೆಯಲ್ಲಿ, ಅಪ್ಪ ಹೋದರೆಂದು ಗೊತ್ತಾದ ದಿನವೇ ಹಾಗೆ ಹೇಳಿದ್ದೆಯಂತೆ. ನನಗೆ ಅದು ಗೊತ್ತೇ ಇರಲಿಲ್ಲ ಕೆಲೆಪಿ. ಅಷ್ಟು ದಿನ ನೀನು ಆ ಕಾರ್‌ಶೆಡ್ಡಿನಲ್ಲಿ ಅದನ್ನು ಹೊತ್ತುಕೊಂಡು ಕೂತಿದ್ದೆ, ನಾನು ಗೋಡೆಯ ಈಚೆ ಮಲಗಿದ್ದೆ.

"ಅದು ನಿಜ ಅಲ್ಲ," ಎಂದೆ. ಅಲ್ಲಿ ಕೂತ ದುಭಾಷಿಗೆ, ಒಂದು ಮಾತೂ ಬಿಡದೆ ಹೇಳು ಎಂದು ಕೈ ಮುಗಿದು ಕೇಳಿಕೊಂಡೆ. "ನನ್ನ ಮಗ ಮಲಗಬೇಕು ಅಂದ. ನನ್ನ ಗಂಡ ಬೇಡ ಅಂದರು. ಅವನು ನಿದ್ದೆ ಮಾಡಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೇ ಕಾರು ಹತ್ತಿದ್ವಿ. ಆ ಕಾಗದದಲ್ಲಿರೋ ಮಾತು ನನ್ನದಲ್ಲ. ತಪ್ಪು ಯಾರದು ಅಂತ ನೀವು ಬರೆಯೋದೇ ಆದ್ರೆ ಮೂವರ ಹೆಸರೂ ಬರೀರಿ."

ಜಾರ್ಜೀನಾ ಪೆನ್ನು ಕೆಳಗಿಟ್ಟಳು. ಆಮೇಲೆ ಅವರವರೇ ಮಾತಾಡಿಕೊಂಡು ಮೊತ್ತ ಇಳಿಸಿದರು, ಒಪ್ಪಂದ ಮಾಡಿಕೊಂಡರು. ವಕೀಲರ ಪಾಲು, ವೈದ್ಯರ ವರದಿಯ ಪಾಲು ಎಂದು ಕಳೆದು ಉಳಿದದ್ದರಲ್ಲಿ ಪಿಸಿಲಾ ಒಂದೆರಡು ವರ್ಷ ಓದಬಹುದು. ಅದರ ಲೆಕ್ಕ ಇಲ್ಲಿ ಬೇಡ. ಸುಳ್ಳು ಮಾತು ತೆಗೆದು ನನ್ನ ಮಾತನ್ನು ಸೇರಿಸಿ ಬರೆಸಿದ್ದೇನೆ. ಅದನ್ನು ಮನೆಗೆ ತರಿಸಿಕೊಂಡು, ಪಿಸಿಲಾ ಎರಡೆರಡು ಸಲ ಓದಿ ಹೇಳಿದ ಮೇಲೆ ರುಜು ಹಾಕಿದೆ.

ಇನ್ನೊಂದು ಉಳಿಯಿತು. ಕೇಂದ್ರದವರು, ಲವೀನಿಯಾಳ ಹೆಸರು ಬರೆದುಕೊಟ್ಟರೆ ಸರ್ಕಾರದವರು ವಿಚಾರಣೆ ಮಾಡುತ್ತಾರೆ, ಯೋಚಿಸಿ ಎಂದಿದ್ದರು. ಯೋಚಿಸುತ್ತಿರುವಾಗಲೇ ಶನಿವಾರದ ಸಂತೆಯಲ್ಲಿ ಎದುರಾದಳು. ಕೆಸುವಿನ ಗೆಡ್ಡೆ ಆರಿಸುತ್ತಿದ್ದಳು. ನನ್ನನ್ನು ಕಂಡು ಓಡಿಹೋಗಲಿಲ್ಲ. ತೆಳ್ಳಗಾಗಿದ್ದಳು. ಕಚೇರಿಗಳ ನೆಲ ಒರೆಸುವ ಕೆಲಸದಲ್ಲಿ ಮನೆ ನಡೆಯುವುದಿಲ್ಲ, ಗಂಡ ಟಾಂಗಾಗೆ ಹೋದವನು ಬರಲಿಲ್ಲ ಎಂದಳು. ನಾನೇ ಕೇಳಿದೆ:

"ನೀನು ನನ್ನ ಕಾಲೊತ್ತಿದ್ದು ಕೂಲಿಗಾ ತಂಗಿ?"

"ಮೊದಲನೇ ದಿನ ಕೂಲಿಗೇ ಬಂದೆ ಅಕ್ಕ. ನೀವು ರುಜು ಹಾಕಿದ ದಿನವೇ ನನ್ನ ಕೂಲಿ ಬಂದುಬಿಡ್ತು. ಆಮೇಲೂ ಬರ್ತಿದ್ನಲ್ಲ, ಅದು ಯಾತಕ್ಕೆ ಅಂತ ನಂಗೂ ಗೊತ್ತಿಲ್ಲ," ಎಂದಳು.

ನಿಜವಿರಬಹುದು, ಸುಳ್ಳಿರಬಹುದು. ಆಮೇಲೂ ಕೇಸಿಗೆ ನನ್ನ ಮಾತು ಬೇಕಿತ್ತು ತಾನೇ. ನನಗೆ ಬೇರೆ ಮಾಡಿ ನೋಡಲು ಆಗುವುದಿಲ್ಲ. ಸೋಮವಾರ ಕೇಂದ್ರಕ್ಕೆ ಹೋಗಿ ಅವಳ ಹೆಸರು ಕೊಟ್ಟೆ. ಅವಳನ್ನು ಕಳಿಸಿದವರ ಹೆಸರು ಮೊದಲು ಬರೆಯಿರಿ, ಅವಳದು ಆಮೇಲೆ ಎಂದು ಹೇಳಿ ಬರೆಸಿದೆ. ಇನ್ನೊಂದು ಸಾವಿನ ಮನೆಗೆ ಅವಳು ಪಾತ್ರೆ ಹಿಡಿದು ಹೋಗಬಾರದು.

ನೀನು ಬೇಗ ಬಾ ಎಂದು ನಾನು ಒತ್ತಾಯ ಮಾಡುವುದಿಲ್ಲ. ಒತ್ತಾಯದಿಂದ ಆದದ್ದು ಸಾಕು. ಕಿತ್ತಳೆ ಸುಗ್ಗಿ ಮುಗಿಯಲಿ, ದಣಿವಾರಲಿ. ಬಸ್ಸಿನಲ್ಲಿ ಬಾ, ರೈಲಿನಲ್ಲಿ ಬಾ, ಮಲಗಿಕೊಂಡು ಬಾ. ಅಲ್ಲಿಯ ನಮ್ಮ ಜನರ ಚರ್ಚಿಗೆ ಹೋಗುತ್ತಿರು. ಮೈ ಬೆಚ್ಚಗಿಟ್ಟುಕೋ. ನಿನ್ನನ್ನು ಹೆತ್ತ ದಿನ ಯಾವ ದೇವರಿಗೆ ನಿನ್ನನ್ನು ಒಪ್ಪಿಸಿದೆನೋ ಅವನ ಕೈಯೇ ನಿನ್ನ ತಲೆಯ ಮೇಲಿರಲಿ. ವೀಕಾ ಅತ್ತೆ ತನ್ನ ಆಶೀರ್ವಾದವನ್ನೂ ಬರೆಯಲು ಹೇಳಿದ್ದಾಳೆ. ಪಿಸಿಲಾ ತನಗೆ ನಿನ್ನ ಕೋಣೆ ಬೇಕು, ಬರದಿದ್ದರೆ ತೆಗೆದುಕೊಳ್ಳುತ್ತೇನೆ ಎಂದು ಹೆದರಿಸಲು ಹೇಳಿದಳು.

ಇಂತಿ ನಿನ್ನ ತಾಯಿ,
ಮೆಲಿಯಾಮೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ನಾಚಿಕೆಯಾಯಿತು. ಹೆಸರು ಕೊಟ್ಟು ಬಂದವಳು ನಾನೇ. ಆದರೂ ಬುಧವಾರ ಬಂದರೆ ಅವಳ ದಾರಿ ನೋಡುತ್ತೇನೆ ಕೆಲೆಪಿ. ಅಪ್ಪ ಹೋದ ಮೇಲೆ ಅವರು ಹೇಗಿದ್ದರು ಎಂದು ನನ್ನನ್ನು ಕೇಳಿದವಳು ಅವಳೊಬ್ಬಳೇ. ಉಳಿದವರೆಲ್ಲ ಹಾಡಿದರು, ಅತ್ತರು, ಚಾಪೆ ತಂದರು, ಹೋದರು. ನೀನೂ ನಾನೂ ಒಂದೇ ಮನೆಯಲ್ಲಿದ್ದು ಅವರ ಹೆಸರನ್ನು ಒಮ್ಮೆಯೂ ಬಾಯಿಗೆ ತರಲಿಲ್ಲ. ನೀನು ನನಗೆ ನೋವಾಗುತ್ತದೆಂದು ಸುಮ್ಮನಿದ್ದೆ, ನಾನು ನಿನಗೆ ನೋವಾಗುತ್ತದೆಂದು ಸುಮ್ಮನಿದ್ದೆ. ನಿನಗೆ ಹೇಳಬೇಕಾದದ್ದನ್ನೆಲ್ಲ ಕೂಲಿಗೆ ಬಂದವಳಿಗೆ ಹೇಳಿದೆ. ನಿನಗೆಂದು ಇನ್ನೂ ಏನೂ ಹೇಳಿಲ್ಲ.